ಟರ್ಕಿ ನೋಡಿ ಬಂದವರ ಗೋಡೆ

ನಮ್ಮ ಅಂಕೋಲೆಯ ನೆರೆಮನೆಯವರು ಕೈಗಾ ಅಣುಸ್ಥಾವರದಿಂದ ನಿವೃತ್ತರಾದ ಮೇಲೆ ಟರ್ಕಿಯ ಗುಹೆಮನೆಗಳನ್ನು ನೋಡಿ ಬಂದರು. ಅಂದಿನಿಂದ ಎಲ್ಲದಕ್ಕೂ ಗಡ್ಡ ಕೆರೆಯುತ್ತ ಒಂದೇ ಮಾತು: "ಟರ್ಕಿಯಲ್ಲಿ ಹೀಂಗಲ್ಲ ಮಾರಾಯಾ." ಗಾರೆ ಕೆಲಸದ ನಾನು ಬೆವರು ಸುರಿಸಿ ಮಾಡಿದ್ದ ಅವರ ಜಗಲಿಯ ಪ್ಲಾಸ್ಟರನ್ನು ಕೆತ್ತಿಸಿ, ಗುಹೆಯಂತೆ ಕಾಣಲೆಂದು ಒಳಗಿನ ಕೆಂಪು ಚಿರೇಕಲ್ಲನ್ನು ಬತ್ತಲೆ ಮಾಡಿಸಿದರು. "ಅಲ್ಲಿ ಇಂಥಾ ಗೋಡೆ ನೋಡೂಕೆ ಟಿಕೆಟ್ ತೆಗೀಬೇಕು!"

ಆ ವಾರವೇ ಅವರ ಮಗಳನ್ನು ನೋಡಲು ಅಮದಳ್ಳಿಯಿಂದ ಗಂಡಿನ ಕಡೆಯವರು ಬಂದರು. ನೆರೆಯವನೆಂದು ನಾನೂ ಇದ್ದೆ. ಹುಡುಗ ಹುಡುಗಿ ಒಪ್ಪಿದರು. ಗಂಡಿನ ತಾಯಿ ಮಾತ್ರ ಗೋಡೆಯನ್ನೇ ನೋಡುತ್ತಿದ್ದರು. ನಮ್ಮ ನೆರೆಯವರು ಉತ್ಸಾಹದಿಂದ ಗುಹೆಗಳ ಫೋಟೋ ತೋರಿಸಲು ಮೊಬೈಲ್ ತೆಗೆದರು. ಆಕೆ ಕನಿಕರದಿಂದ ತಡೆದರು:

"ನಾಚ್ಕೆ ಎಂತಕ್ಕೆ ಅಣ್ಣಾ? ಮನೆ ಕೆಲ್ಸ ಅರ್ಧಕ್ಕೆ ನಿಂತದ್ದು ಕಾಣ್ತದಲ್ಲ. ಮದುವೆಯೊಳಗೆ ಪ್ಲಾಸ್ಟರ್ ನಾವೇ ಮಾಡ್ಸಿ ಕೊಡ್ತೇವೆ."

ಮಗಳು ಕಣ್ಣಲ್ಲೇ ಬೇಡಿಕೊಂಡಳು. ಅವರು ಮೊಬೈಲನ್ನು ಕಿಸೆಗೆ ಹಾಕಿ ಕೈ ಮುಗಿದರು: "ದೊಡ್ಡ ಉಪಕಾರ ಆಯ್ತ್ರಾ."