ಬೇಕಂತಲೇ ಒದ್ದ ಕಾಲು

ಅವರ ಮೂಗು ಎಷ್ಟೋ ಸಲ ಮುರಿದು ಕೊನೆಗೆ ಎಡಗೆನ್ನೆಯ ಕಡೆಗೇ ತಿರುಗಿ ನಿಂತಿತ್ತು. ಉಸಿರು ಬಿಟ್ಟರೆ ಕುಕ್ಕರಿನಿಂದ ಹಬೆ ಹೊರಟ ಸದ್ದು. ಒಂದು ಕಿವಿಯ ತುದಿ ಇರಲಿಲ್ಲ. ಕಾರ್ನರ್ ಕಿಕ್‌ಗೆ ಕಾಯುತ್ತಿದ್ದಾಗ ಎದುರಾಳಿಯೊಬ್ಬ ಅದನ್ನು ಕಚ್ಚಿ ತೆಗೆದಿದ್ದನಂತೆ. "ಕಿವಿ ಹೋಯ್ತು, ಗೋಲು ಬಿಡ್ಲಿಲ್ಲ" ಅನ್ನುತ್ತಿದ್ದರು, ಆ ಜಾಗ ಸವರಿಕೊಳ್ಳುತ್ತಾ.

ನಮ್ಮ ಕೋಚ್ ಸ್ಪೇನಿನವರು. ಅಲ್ಲಿನ ಎರಡನೇ ದರ್ಜೆಯ ಲೀಗಿನಲ್ಲಿ ಬಹಳ ವರ್ಷ ಡಿಫೆಂಡರ್ ಆಗಿದ್ದರು. ಆಮೇಲೆ ಒಂದರ ಹಿಂದೊಂದು ಮೂರು ಕ್ಲಬ್ಬುಗಳಿಗೆ ಮ್ಯಾನೇಜರ್. ಮೂರೂ ಕಡೆ ಕೆಲಸ ಹೋದದ್ದು ಸೋತದ್ದಕ್ಕಲ್ಲ, ಕೈ ಮಾಡಿದ್ದಕ್ಕೆ. ಕೊನೆಯ ಕ್ಲಬ್ಬಿನಲ್ಲಂತೂ ತಮ್ಮದೇ ಕ್ಯಾಪ್ಟನ್ನಿಗೆ ತಲೆಯಿಂದ ಗುದ್ದಿ ಹಲ್ಲು ಉದುರಿಸಿದ್ದರು. ಅಲ್ಲಿಗೆ ಊರಿನ ಬಾಗಿಲು ಮುಚ್ಚಿತು. ಇಂಗ್ಲೆಂಡಿನ ಕೆಂಟ್‌ನಲ್ಲಿದ್ದ ಮಗಳ ಮನೆಗೆ ಬಂದು ಕೂತರು. ಆ ಮಗಳು ನನ್ನ ಆಫೀಸಿನವಳು. ಒಂದು ದಿನ ಊಟದ ಹೊತ್ತಿಗೆ ಕೇಳಿದಳು: "ನೀವು ಇಂಡಿಯಾದವರೆಲ್ಲ ಸೇರಿ ಭಾನುವಾರ ಫುಟ್‌ಬಾಲ್ ಆಡ್ತೀರಲ್ಲ, ನಮ್ಮ ಅಪ್ಪನ್ನೂ ಕರ್ಕೊಂಡು ಹೋಗಿ. ಮನೇಲಿ ಇನ್ನೊಂದು ಟಿವಿ ಒಡೆದ್ರೆ ನನ್ನ ಗಂಡ ಮನೆ ಬಿಡ್ತಾನೆ."

ಮಂಗಳೂರು, ಉಡುಪಿ, ಬೆಂಗಳೂರು ಎಲ್ಲ ಬೆರೆತ ತಂಡ ನಮ್ಮದು. ಗೋದಾಮುಗಳ ಹಿಂದಿನ ಮೈದಾನದಲ್ಲಿ ಆಡುತ್ತಿದ್ದೆವು, ಅಥವಾ ಸೋಲುತ್ತಿದ್ದೆವು. ಅವರು ಬಂದ ಮೊದಲ ದಿನವೇ ನಮ್ಮವನೊಬ್ಬನ ಕಾಲು ಎದುರು ತಂಡದವನಿಗೆ ತಾಗಿತು. ತಾಗಿಸಿದವನು ಆಟ ಬಿಟ್ಟು, ಅವನ ಭುಜ ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗೆ. ಕೋಚ್ ನುಗ್ಗಿ ಬಂದು ಅವನ ಮಣಿಕಟ್ಟು ಹಿಡಿದು ತಿರುಚಿದರು.

"ಇದೇನು ಪೂಜೆ?"

ನಾನು ಮಧ್ಯೆ ಹೋದೆ. "ಕೋಚ್, ಯಾರಿಗಾದ್ರೂ ಕಾಲು ತಾಗಿದ್ರೆ ನಮ್ಮಲ್ಲಿ ಹೀಗೆ ಮುಟ್ಟಿ ಕಣ್ಣಿಗೆ ಒತ್ಕೋತೀವಿ. ತಪ್ಪಾಯ್ತು ಅಂತ. ಚಿಕ್ಕಂದಿನಿಂದ ಬಂದಿದ್ದು, ಕೈ ತಾನಾಗೇ ಹೋಗುತ್ತೆ."

"ಬೇಕಂತಲೇ ಒದ್ದರೆ?"

"ಬೇಕಂತ ಒದ್ದಿದ್ದಕ್ಕೆ ಇದಿಲ್ಲ. ಅದಕ್ಕೆ ಇದು ಸಾಲೋದೂ ಇಲ್ಲ."

ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಆ ಮಣಿಕಟ್ಟು ಬಿಸಾಕಿ, ಇನ್ನು ಮುಂದೆ ಯಾರ ಕೈ ಕಣ್ಣಿಗೆ ಹೋಗುತ್ತದೋ ಆ ಕೈ ಮುರಿಯುತ್ತೇನೆ ಅಂದರು. ಸುಮ್ಮನೆ ಅಂದದ್ದಲ್ಲ. ಮರೆತು ಕಣ್ಣಿಗೊತ್ತಿಕೊಂಡವರ ಕತ್ತಿನ ಹಿಂದೆ ರಪ್ಪನೆ ಬೀಳುತ್ತಿತ್ತು. ನನಗೂ ಬಿದ್ದಿದೆ.

ರೆಫರಿಗೆ ಕಾಣದ ಹಾಗೆ ಹಿಮ್ಮಡಿ ತುಳಿಯುವುದು, ಹೆಡ್ ಮಾಡಲು ಜಿಗಿಯುವಾಗ ಮೊಣಕೈಯನ್ನು ಎಲ್ಲಿ ಇಡಬೇಕು, ಪಕ್ಕೆಲುಬಿನಲ್ಲಿ ಎಲ್ಲಿ ಗುದ್ದಿದರೆ ಮನುಷ್ಯನ ಉಸಿರು ನಿಲ್ಲುತ್ತದೆ, ಎಲ್ಲ ಕಲಿಸಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ವಾರವಿಡೀ ಆಫೀಸಿನಲ್ಲಿ ನುಂಗಿಕೊಂಡದ್ದನ್ನು ಕಾರಲು ಒಂದು ಜಾಗ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು. ನಮ್ಮನ್ನು ನೋಡಿ ನಗುತ್ತಿದ್ದ ತಂಡಗಳು ಕಾಲಿಗೆ ಶಿನ್ ಗಾರ್ಡ್ ಬಿಗಿಯಾಗಿ ಕಟ್ಟಿಕೊಂಡು ಬರತೊಡಗಿದವು. ಕೋಚ್ ನಮ್ಮಿಂದ ಕಲಿತದ್ದು ಒಂದೇ ಪದ, "ಮಾರಾಯ". ಬೈಯುವುದಕ್ಕೂ ಅದೇ, ಬೆನ್ನು ತಟ್ಟುವುದಕ್ಕೂ ಅದೇ.

ಮರುವರ್ಷ ಅವರು ರೆಫರಿಯ ಕುತ್ತಿಗೆ ಹಿಡಿದರು. ಇನ್ನೊಂದು ಸಲ ಯಾರ ಮೈಮೇಲಾದರೂ ಕೈ ಹಾಕಿದರೆ ಮತ್ತೆ ಜನ್ಮದಲ್ಲಿ ಮೈದಾನಕ್ಕೆ ಕಾಲಿಡುವಂತಿಲ್ಲ ಎಂದು ಲೀಗಿನವರು ಕಡ್ಡಿ ಮುರಿದಂತೆ ಹೇಳಿದರು. ಮನೆಗೆ ಬಿಡುವಾಗ ನನ್ನ ಕಾರಿನಲ್ಲಿ ಮಂಕಾಗಿ ಕೂತಿದ್ದರು. "ಇದೂ ಹೋದ್ರೆ ಆ ಸೋಫಾ ಮೇಲೆ ಕೂತು ಸಾಯ್ಬೇಕು ಮಾರಾಯ." ಅಂದಿನಿಂದ ಪಂದ್ಯ ಮುಗಿಯುವವರೆಗೂ ಎರಡೂ ಕೈ ಜಾಕೆಟ್ ಜೇಬಿನಲ್ಲಿ. ಕೈ ಕಟ್ಟಿಹಾಕಿದ ಸಿಟ್ಟು ಬಾಯಿಗೆ ಬಂದು, ತುಟಿ ಕಚ್ಚಿ ಕಚ್ಚಿ ರಕ್ತ ಬರುತ್ತಿತ್ತು.

ಆ ಕೈ ಜೇಬಿನಿಂದ ಹೊರಬಂದದ್ದು ನನಗಾಗಿ. ಪಕ್ಕದ ಊರಿನ ತಂಡದೊಂದಿಗೆ ಪಂದ್ಯ. ಅವರ ಒಬ್ಬ ದಢೂತಿ ಆಟಗಾರ ಚೆಂಡಿನ ಕಡೆ ನೋಡದೆಯೇ ಎರಡೂ ಕಾಲಿನಿಂದ ನನ್ನ ಮೊಣಕಾಲಿನ ಕೆಳಗೆ ಬಂದು ಬಿದ್ದ. ಒಣಗಿದ ತೆಂಗಿನ ಮಡಲು ಮುರಿದ ಸದ್ದು. ಮೂಳೆ ಕಾಲುಚೀಲದಿಂದ ಹೊರಗೆ ಇಣುಕುತ್ತಿತ್ತು. ನಾನು ಹುಲ್ಲು ಕಚ್ಚಿಕೊಂಡು ಕೂಗುತ್ತಿದ್ದೆ. ಒದ್ದವನು ನನಗೆ ಬೆನ್ನು ಹಾಕಿ, ದೂರ ಹೋಗಿ, ಬಗ್ಗಿ ಶೂ ಲೇಸ್ ಕಟ್ಟತೊಡಗಿದ.

ಕೋಚ್ ಓಡಿ ಬಂದರು. ಅವನ ಕಥೆ ಮುಗಿಯಿತು ಅಂದುಕೊಂಡೆ. ಅವರು ಅವನ ಕಾಲರ್ ಹಿಡಿದು ಎಬ್ಬಿಸಿ, ಕೆನ್ನೆಗೆ ಒಂದು ಬಿಟ್ಟು, ಕೆಸರಿನಲ್ಲಿ ದರದರ ಎಳೆದು ತಂದು ನನ್ನ ಪಕ್ಕದಲ್ಲಿ ಮಂಡಿಯೂರಿಸಿದರು. "ನೋಡು. ಮುಟ್ಟು." ಅವನ ಕೈಯನ್ನು ಹಿಡಿದು ನನ್ನ ತೊಡೆಯ ಮೇಲಿಟ್ಟರು. "ಈಗ ಕಣ್ಣಿಗೆ." ಅವನಿಗೆ ಅರ್ಥವಾಗಲಿಲ್ಲ, ಅಳುತ್ತಿದ್ದ. ಆ ಕೈಯನ್ನು ಕೋಚೇ ಎತ್ತಿ ಅವನ ಕಣ್ಣಿಗೆ ಒತ್ತಿದರು. ರೆಫರಿ ಕೆಂಪು ಕಾರ್ಡ್ ಎತ್ತಿ ಹಿಡಿದು ನಿಂತೇ ಇದ್ದ.

ಆಸ್ಪತ್ರೆಯಲ್ಲಿ ನನ್ನ ಕಾಲಿಗೆ ರಾಡ್ ಹಾಕಿದ ಮೇಲೆ ಬಂದರು. "ಯಾಕೆ ಕೋಚ್? ನಿಮ್ಮ ಮೈದಾನ ಹೋಯ್ತಲ್ಲ" ಅಂದೆ.

ಕುರ್ಚಿ ಎಳೆದು ಕೂತರು. ಪ್ರಾಯದಲ್ಲಿ ಅವರೂ ಒಬ್ಬನ ಕಾಲು ಮುರಿದಿದ್ದರು, ಬೇಕಂತಲೇ. ಅವನು ಮತ್ತೆ ಆಡಲೇ ಇಲ್ಲ. "ಅವನು ಕೂಗ್ತಾ ಇದ್ದ. ನಾನು ಆ ಕಡೆ ತಿರುಗಿ ಕಾಲುಚೀಲ ಸರಿಮಾಡ್ಕೊಂಡೆ. ಜನ ನನ್ನ ಹೆಸರು ಹಿಡಿದು ಕೂಗಿದ್ರು. ಒಂದು ಸಲವೂ ಹೋಗಿ ನೋಡ್ಲಿಲ್ಲ ಮಾರಾಯ."

"ಈಗ ಹೋಗಿ" ಅಂದೆ. ನೋವಿನಲ್ಲಿದ್ದೆ, ಸಿಟ್ಟಿನಲ್ಲೇ ಅಂದೆ. "ಬದುಕಿದ್ದಾನೆ ತಾನೆ?"

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ಲೀಗಿನವರು ಹೇಳಿದ ಮಾತಿನಂತೆಯೇ ಮಾಡಿದರು. ಆಮೇಲೆ ಭಾನುವಾರಗಳಂದು ಬೇಲಿಯಾಚೆ ಮಗಳ ಕಾರಿನಲ್ಲಿ ಕೂತು, ನಮ್ಮವರು ತಪ್ಪು ಪಾಸ್ ಕೊಟ್ಟಾಗಲೆಲ್ಲ ಹಾರ್ನ್ ಒತ್ತುತ್ತಿದ್ದರು. ಊರುಗೋಲು ಹಿಡಿದು ನಾನೂ ಪಕ್ಕದ ಸೀಟಿನಲ್ಲಿ.

ಬೇಸಿಗೆಯಲ್ಲಿ ಮಗಳ ಜೊತೆ ಸ್ಪೇನಿಗೆ ಹೋಗಿ ಬಂದರು. ಹಣೆಯಲ್ಲಿ ಹೊಲಿಗೆ. "ಊರುಗೋಲಿನಿಂದ ಹೊಡೆದ. ಮುದುಕ ಆಗಿದ್ದಾನೆ, ಆದ್ರೂ ಚೆನ್ನಾಗಿ ಹೊಡೆದ. ಆಮೇಲೆ ಅವನೇ ಒಳಗೆ ಕರೆದು ರಕ್ತ ಒರೆಸಿದ." ಅಷ್ಟು ಮಾತ್ರ ಹೇಳಿದರು. ಆ ಸೊಟ್ಟ ಮೂಗಿನ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆ ಚಳಿಗಾಲ ದಾಟಲಿಲ್ಲ ಅವರು. ಹೃದಯಾಘಾತ, ಆ ಸೋಫಾದ ಮೇಲೆಯೇ. ಚರ್ಚಿನಲ್ಲಿ ಪೆಟ್ಟಿಗೆಯ ಹತ್ತಿರ ಹೋದಾಗ, ಸರಿಯಾಗಿ ಮಡಚಲಾಗದ ನನ್ನ ಕಾಲು ಅದರ ಸ್ಟ್ಯಾಂಡಿಗೆ ಢಬ್ಬೆಂದು ತಾಗಿತು. ಕೈ ತಾನಾಗೇ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಹೋಯಿತು. ಕತ್ತಿನ ಹಿಂದೆ ಏಟು ಬೀಳಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದವನು ಆಗ ಅತ್ತುಬಿಟ್ಟೆ.

ಮಗಳು ನನ್ನ ತೋಳು ಹಿಡಿದುಕೊಂಡಳು.

"ಸ್ಪೇನಿನ ಆ ಮನೆ ಬಾಗಿಲಲ್ಲಿ ಅಪ್ಪ ಮಾಡಿದ್ದೂ ಇದನ್ನೇ" ಅಂದಳು. "ಮಂಡಿಯೂರಿ, ಆ ಮುದುಕನ ಕಾಲು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಅವನು ಹೊಡೀತಾ ಇದ್ದ. ಹೊಡೆದು ಮುಗಿಯೋ ತನಕ ಅಪ್ಪ ಕೈ ತೆಗೀಲಿಲ್ಲ."