ಅಗುಳಿನಿಂದ ಅಂಟಿಸಿದ ಲಕೋಟೆ

ಬೀಗದಣ್ಣನಿಗೆ ಆ ಹೆಸರು ಬಂದದ್ದು ಕಸುಬಿನಿಂದ, ಉಳಿದದ್ದು ಗುಣದಿಂದ. ಮೂವತ್ತು ವರ್ಷ ಕೆಟ್ಟ ಬೀಗ ರಿಪೇರಿ ಮಾಡಿದವನು. ಯಾವುದನ್ನು ಕೀಲಿಯಿಂದ ತೆಗೆದಿದ್ದಾರೆ, ಯಾವುದನ್ನು ತಂತಿ ತೂರಿಸಿ ತೆಗೆದಿದ್ದಾರೆ ಎಂದು ಗೀರು ನೋಡಿಯೇ ಹೇಳುತ್ತಿದ್ದ. ಮನುಷ್ಯರಲ್ಲೂ ಅವನು ಮೊದಲು ಹುಡುಕುತ್ತಿದ್ದದ್ದು ಗೀರನ್ನೇ.

ಇಂಥವನನ್ನೇ ಚರ್ಚಿನ ಸಭೆಯವರು ಪರವೂರಿನ ವಿಶ್ವಾಸಿಗಳನ್ನು ಬರಮಾಡಿಕೊಳ್ಳುವ ಹಿರಿಯನನ್ನಾಗಿ ಮಾಡಿದ್ದರು. ಬರುವವರು ತಮ್ಮ ಸಭಾಪಾಲಕರ ಪತ್ರ ತರಬೇಕು. ಪತ್ರ ಸರಿಯಿದ್ದರೆ, ಕೆಲಸ ಸಿಗುವವರೆಗೆ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರಬಹುದು. ಕೋಣೆಗೆ ಎರಡು ಕೀಲಿ. ಒಂದು ಬಂದವರಿಗೆ, ಇನ್ನೊಂದು ಸದಾ ಬೀಗದಣ್ಣನ ಸೊಂಟದಲ್ಲಿ.

ಒಂದು ಬೆಳಿಗ್ಗೆ ಗೋಡೆಗೆ ಬಣ್ಣ ಬಳಿಯುವವನೊಬ್ಬ ಮುದಿ ತಾಯಿಯೊಂದಿಗೆ ಬಂದು ಲಕೋಟೆ ಚಾಚಿದ. ತಾಯಿ ಮೆಟ್ಟಿಲ ಬಳಿ ಟ್ರಂಕಿನ ಮೇಲೆ ಕುಸಿದು ಕೂತಳು.

ಬೀಗದಣ್ಣ ಲಕೋಟೆಯನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಹಳೆಯ ಗೋಂದಿನ ಗೆರೆ, ಅದರ ಮೇಲೆ ಒಣಗಿದ ಅನ್ನದ ಅಗುಳು.

"ಇದನ್ನ ಯಾರು ತೆಗೆದ್ರು?"

"ಯಾರೂ ತೆಗೆದಿಲ್ಲ, ಅಣ್ಣಾ."

"ತೆಗೆದ್ರಾ ಅಂತ ಕೇಳ್ಲಿಲ್ಲ. ಯಾರು ಅಂತ ಕೇಳ್ದೆ."

ಬಣ್ಣದವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಒಳಗಿನಿಂದ ಹೆಂಡತಿಯ ದನಿ ಬಂತು. "ನಂಬಿಕೆಯ ಮನೆಯವರನ್ನ ಹೊಸ್ತಿಲಲ್ಲೇ ನಿಲ್ಲಿಸಿದ್ರಾ? ನಿಮ್ಮನ್ನ ಸ್ವರ್ಗದ ಬಾಗಿಲಿಗೆ ಕೂರಿಸಿದ್ರೆ ಒಬ್ಬರೂ ಒಳಗೆ ಹೋಗಲ್ಲ ಬಿಡಿ."

"ಸುಮ್ನಿರೇ. ಹೋದ ಸಲ ಬಂದವನು ಹೊದಿಕೆ ಹೊತ್ಕೊಂಡು ಹೋದ."

"ತೂತು ಹೊದಿಕೆ."

ಬೀಗದಣ್ಣ ಪತ್ರ ಬಿಡಿಸಿದ. 'ಈತ ಕೆಲಸಕ್ಕೆ ಹೋದ ಮನೆಯಲ್ಲಿ ಕಳವು ಮಾಡಿ ಎರಡು ವರ್ಷ ಸೆರೆಯಲ್ಲಿದ್ದವನು. ಈಗ ಬದಲಾಗಿದ್ದಾನೆಂದು ನಂಬಿದ್ದೇನೆ. ಮುಚ್ಚಿಟ್ಟು ಕಳಿಸಲು ಮನಸ್ಸು ಒಪ್ಪಲಿಲ್ಲ.'

"ಓದಿದ್ದೀಯಾ?"

"ಬಸ್ಸಲ್ಲಿ ಓದ್ದೆ. ಬುತ್ತಿಯ ಅನ್ನದಿಂದ ಅಂಟಿಸ್ದೆ."

"ಹರಿದು ಬಿಸಾಕಿ, ಕಳೆದುಹೋಯ್ತು ಅನ್ನಬಹುದಿತ್ತಲ್ಲ?"

"ಎರಡು ನಿಲ್ದಾಣ ಅದನ್ನೇ ಯೋಚಿಸ್ದೆ, ಅಣ್ಣಾ."

ಇದೂ ಒಂದು ವರಸೆ ಇರಬಹುದು ಎಂದುಕೊಂಡ ಬೀಗದಣ್ಣ. ತಪ್ಪು ಒಪ್ಪಿಕೊಂಡೇ ನಂಬಿಸುವವರನ್ನೂ ಅವನು ಕಂಡಿದ್ದ. ಆದರೆ ತನ್ನ ಕಳ್ಳತನದ ಕಥೆಯನ್ನು ತಾನೇ ಹೊತ್ತು ತಂದು ಕೈಗಿಟ್ಟವನನ್ನು ಕಂಡಿರಲಿಲ್ಲ.

"ಜಾಗ ಇದೆಯೇನಪ್ಪಾ?" ಎಂದಳು ಮುದುಕಿ. "ಇಲ್ಲದಿದ್ರೆ ಹೇಳಿಬಿಡು. ಮತ್ತೆ ಬಸ್ಸು ಹತ್ತಬೇಕು."

ಬೀಗದಣ್ಣ ಮೊಳೆಯಿಂದ ಕೀಲಿ ತೆಗೆದುಕೊಟ್ಟ. ಬಣ್ಣದವನು ಟ್ರಂಕು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿದ್ದ. ಬೀಗದಣ್ಣ "ನಿಲ್ಲು" ಎಂದು ಕರೆದು, ತನ್ನ ಸೊಂಟದಲ್ಲಿದ್ದ ಇನ್ನೊಂದನ್ನೂ ಬಿಚ್ಚಿ ಅವನ ಕೈಗೆ ಹಾಕಿದ.

ಹೆಂಡತಿ ಹೊರಗೆ ಬಂದಳು. "ಎರಡೂ ಕೊಟ್ರಾ?"

"ಕೊಟ್ಟೆ. ಆ ಬಾಗಿಲು ತೆಗೆಯೋಕೆ ನನಗೆ ಕೀಲಿ ಬೇಕಾ?"

ತಾಯಿ ಮಗ ಮೂರು ತಿಂಗಳು ಅಲ್ಲಿದ್ದರು. ಬೀಗದಣ್ಣ ಆ ಬಾಗಿಲ ಮುಂದೆ ಎಷ್ಟೋ ಸಲ ಸುಳಿದಾಡಿದ, ತಂತಿ ಕೈಯಲ್ಲೇ ಇರುತ್ತಿತ್ತು. ಆದರೆ ಅವರು ಕೋಣೆ ಬಿಟ್ಟ ದಿನ ನೋಡಿದರೆ, ಬೀಗದ ಮೇಲೆ ಒಂದೇ ಒಂದು ಹೊಸ ಗೀರಿರಲಿಲ್ಲ.