ಖುರ್ಚಿಗೊಂದು ಕನ್ನಡ ಪದ

ನಮ್ಮದು ಹೊಸ ಪಕ್ಷ. ನೆಹರು ಗಂಜ್ ಮಾರುಕಟ್ಟೆಯ ಬೇಳೆ ಅಂಗಡಿಯೊಂದರ ಮಹಡಿಯಲ್ಲಿ ಕಚೇರಿ, ಎಲ್ಲ ಸೇರಿದರೆ ಹನ್ನೆರಡು ಮಂದಿ. ಕನ್ನಡ ನಾಡನ್ನು ಕನ್ನಡಿಗರೇ ಆಳಬೇಕೆಂಬ ಹುರುಪು ಮಾತ್ರ ಮಹಡಿ ಕುಸಿಯುವಷ್ಟಿತ್ತು. ಕಮಲಾಪುರದ ಪಟ್ಟಣ ಪಂಚಾಯಿತಿ ನಮ್ಮ ಮೊದಲ ಚುನಾವಣೆ. ಸಿಕ್ಕ ಚಿಹ್ನೆ ಖುರ್ಚಿ.

ಅದು ಕನ್ನಡ ಪದವಲ್ಲ, ಪೀಠ ಎನ್ನಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಕರಪತ್ರ ಬರೆಯುವವನು ನಾನು. ಪೀಠ ಮಾತ್ರ ಯಾವ ಕನ್ನಡ ಎಂದು ಕೇಳಬೇಕೆನಿಸಿದರೂ ನುಂಗಿಕೊಂಡು, ‘ಪೀಠಕ್ಕೆ ಮತ ನೀಡಿ’ ಎಂದು ಬರೆದೆ.

ಕಮಲಾಪುರದಲ್ಲಿ ಅಧ್ಯಕ್ಷರು ಜೀಪಿನಲ್ಲಿ ನಿಂತು ಮೈಕಿನಲ್ಲಿ ಅದನ್ನೇ ಕೂಗಿದರು. ಕೆಂಪು ಬಾಳೆಹಣ್ಣು ಮಾರುತ್ತಿದ್ದ ಮುದುಕಿ ಎದ್ದು ಕೈಮುಗಿದಳು.

“ಯಾವ ಮಠದ ಪೀಠರೀ ಯಪ್ಪಾ? ಸ್ವಾಮಿಗಳು ಹಿಂದಿನ ಗಾಡ್ಯಾಗ ಬರಾಕತ್ತಾರೇನ್ರಿ?”

ನನಗೆ ರೇಗಿಹೋಯಿತು. ಅಧ್ಯಕ್ಷರ ಕೈಯಿಂದ ಮೈಕು ಕಸಿದುಕೊಂಡೆ. “ಮಠ ಅಲ್ಲ ಯವ್ವಾ, ಖುರ್ಚಿ. ಕೂಡೋ ಖುರ್ಚಿ. ಅದಕ್ಕ ವೋಟ್ ಹಾಕ್ರಿ.”

ಬಜಾರೆಲ್ಲ ನಕ್ಕಿತು. ಆ ನಗು ನಮಗಿಂತ ಮುಂಚೆ ಓಣಿ ಓಣಿ ತಲುಪಿತು. ಸಂಜೆಯ ಹೊತ್ತಿಗೆ ಜನ ಮನೆಯ ಖುರ್ಚಿಗಳನ್ನು ಬಾಗಿಲ ಮುಂದೆ ತಂದಿಟ್ಟು, ನಮ್ಮನ್ನು ಕೂಡಿಸಿ ಚಹಾ ಕೊಟ್ಟರು.

ಗೆದ್ದೆವು. ಒಂದೇ ಸ್ಥಾನ, ಆದರೂ ನಮ್ಮೂರಿಗೆ ಮರಳಿ ಜಗತ್ ವೃತ್ತದಲ್ಲಿ ಕುಣಿದು ಕುಣಿದು ನನ್ನ ಚಪ್ಪಲಿ ಕಿತ್ತುಹೋಯಿತು. ಬರಿಗಾಲಲ್ಲೇ ಕಚೇರಿಯ ಮೆಟ್ಟಿಲು ಹತ್ತಿದೆ. ಅಧ್ಯಕ್ಷರು ಮಾಲೆ ಹಾಕಿಕೊಂಡು ಕೂತಿದ್ದರು.

“ಖುರ್ಚಿ ಗೆಲ್ಲಿಸ್ತು ನೋಡ್ರಿ ಸಾಹೇಬ್ರ” ಎಂದೆ.

ಅವರು ಎರಡೂ ಕೈಗಳಿಂದ ತಾವು ಕೂತ ಖುರ್ಚಿಯ ತೋಳು ಸವರಿದರು.

“ಗೆದ್ದೀವಲ್ಲ. ಇನ್ನ ಇದಕ್ಕ ಪೀಠ ಅನ್ರಿ.”